ಕಸ-2

ಏಪ್ರಿಲ್ 22, ಸೋಮವಾರ

ಶನಿವಾರದ ಸಿಡಿಲಿಗೆ ಮೂರನೇ ಸರ್ವರ್ ಸುಟ್ಟುಹೋಗಿದೆ. ಬೆಳಿಗ್ಗೆ ಬೀಗ ತೆಗೆದಾಗ ಕೋಣೆಯ ತುಂಬ ಕರಕಲು ವಾಸನೆ. ಅದರ ಮೇಲೆ ಓಡುತ್ತಿದ್ದ ವರ್ಚುವಲ್ ಯಂತ್ರಗಳು, ಅಂದರೆ ತಂತ್ರಾಂಶದಲ್ಲೇ ಕಟ್ಟಿದ ಕಂಪ್ಯೂಟರುಗಳು, ಎಲ್ಲ ತಾವಾಗಿಯೇ ಮಿಕ್ಕ ಎರಡು ಸರ್ವರ್‌ಗಳ ಮೇಲೆ ಎದ್ದು ಕೂತಿದ್ದವು. ಅಂಕಪಟ್ಟಿ, ಗ್ರಂಥಾಲಯ, ಇಮೇಲ್ ಯಾವುದೂ ನಿಂತಿರಲಿಲ್ಲ. ಹಾಗೆ ಏರ್ಪಾಡು ಮಾಡಿಟ್ಟವಳು ನಾನೇ. ಒಬ್ಬರೂ ಬಂದು ಒಂದು ಮಾತು ಹೇಳಲಿಲ್ಲ. ಏನಾದರೂ ಕೆಟ್ಟಾಗ ಮಾತ್ರ ಈ ವಿಶ್ವವಿದ್ಯಾಲಯಕ್ಕೆ ನಮ್ಮ ಕೋಣೆಯ ದಾರಿ ನೆನಪಾಗುವುದು.

ಕೆಟ್ಟಿದ್ದು ಟೆಂಪ್ಲೇಟುಗಳು. ಹದಿನಾಲ್ಕೂ ಮೂರನೇ ಸರ್ವರ್ ಹೆಸರಿನಲ್ಲೇ ದಾಖಲಾಗಿದ್ದವು. ಓಡುವ ಯಂತ್ರವಾದರೆ ಬೇರೆ ಸರ್ವರ್‌ಗೆ ಹೋಗುತ್ತದೆ, ಟೆಂಪ್ಲೇಟು ಹೋಗುವುದಿಲ್ಲ. ಪರದೆಯ ಮೇಲೆ ಹದಿನಾಲ್ಕು ಬೂದು ಸಾಲು, ಪ್ರತಿಯೊಂದರ ಪಕ್ಕದಲ್ಲೂ 'ಸಂಪರ್ಕ ಕಡಿದಿದೆ' ಎಂಬ ಒಂದೇ ಮಾತು.

ಸಂಜೆ ಅಮ್ಮ ಕೇಳಿದಳು, "ಏನಾಯ್ತು ಅಬ್ವೋಲಿ, ಮುಖ ಯಾಕೆ ಹಿಂಗಿದೆ?"

"ಅಚ್ಚು ಕಳ್ಕೊಂಡೆ ಅಮ್ಮ."

"ಎಂಥ ಅಚ್ಚು?"

"ಇಟ್ಟಿಗೆ ಅಚ್ಚು ಇರುತ್ತಲ್ಲ, ಹಂಗೆ ಕಂಪ್ಯೂಟರಿಂದು. ಒಂದಿದ್ರೆ ಅದೇ ಥರದ ನೂರೆಂಬತ್ತು ತೆಗೀಬಹುದು. ನರ್ಸಿಂಗ್ ಹುಡುಗೀರ ಕೊನೇ ಪರೀಕ್ಷೆಗೆ ಅಷ್ಟು ಬೇಕು. ಮೇ ಆರಕ್ಕೆ ಶುರು."

"ಒಡೆದೋಯ್ತಾ?"

"ಇಲ್ಲ. ಉಗ್ರಾಣದಲ್ಲಿ ಇದೆ. ಕೈಗೆ ಸಿಗ್ತಿಲ್ಲ ಅಷ್ಟೆ."

"ಇದೆ ಅಂದ್ಮೇಲೆ ಅಳೋದ್ಯಾಕೆ, ಹುಡುಕು" ಎಂದು ಅಮ್ಮ ಒಲೆಗೆ ಸೌದೆ ತಳ್ಳಿದಳು.

ಏಪ್ರಿಲ್ 24, ಬುಧವಾರ

ಎರಡು ದಿನದಿಂದ ಗುದ್ದಾಡುತ್ತಿದ್ದೇನೆ. ನಿರ್ವಹಣೆಯ ತಂತ್ರಾಂಶವನ್ನು ಮೂರು ಸಲ ನಿಲ್ಲಿಸಿ ಮತ್ತೆ ಎಬ್ಬಿಸಿದೆ. ಬೂದು ಸಾಲು ಬೂದಾಗಿಯೇ ಇದೆ. ಒಂದು ದಾರಿ ಗೊತ್ತು: ಸತ್ತ ಸರ್ವರನ್ನು ಪಟ್ಟಿಯಿಂದಲೇ ಕಿತ್ತುಹಾಕುವುದು. ಆಗ ಹದಿನಾಲ್ಕು ಸಾಲೂ ಅದರ ಜೊತೆಗೇ ಹೋಗುತ್ತವೆ. ಆಮೇಲೆ ಉಗ್ರಾಣಕ್ಕೆ, ಅಂದರೆ ಎಲ್ಲ ಸರ್ವರ್‌ಗಳಿಗೂ ಸೇರಿದ ಆ ಸ್ಟೋರೇಜ್ ಪೆಟ್ಟಿಗೆಗೆ ಇಳಿದು, ಒಂದೊಂದೇ ಟೆಂಪ್ಲೇಟಿನ ಫೈಲು ಹುಡುಕಿ ಬದುಕಿರುವ ಸರ್ವರ್ ಹೆಸರಿಗೆ ದಾಖಲಿಸಬೇಕು. ಸಾಲು ಹೋಗಿ ಫೈಲೂ ಸಿಗದಿದ್ದರೆ? ಕೈ ಆ ಗುಂಡಿಯ ತನಕ ಹೋಗಿ ಹಿಂದೆ ಬಂತು.

ಮಧ್ಯಾಹ್ನ ನಿರ್ದೇಶಕ ಡಾಕ್ಟರ್ ಕಲೀಸಾ ಕರೆದರು. "ಬೇಜಾರು ಮಾಡ್ಕೋಬೇಡಿ ಅಬ್ವೋಲಿ. ನೀವು ಮಾಡ್ತಿಲ್ಲ ಅಂತಲ್ಲ. ದಿನ ಕಮ್ಮಿ ಇದೆ. ಕುನಿಹಿರಾಗೆ ಫೋನ್ ಮಾಡಿದೀನಿ, ಶುಕ್ರವಾರ ಬರ್ತಾರೆ."

ಕುನಿಹಿರಾ! ಆರು ವರ್ಷದ ಹಿಂದೆ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದವಳು. ಕಂಪಾಲಾದ ಆ ಕೆಲಸಕ್ಕೆ ಇಬ್ಬರೂ ಅರ್ಜಿ ಹಾಕಿದ್ದೆವು, ಒಂದೇ ಬಸ್ಸಿನಲ್ಲಿ ಸಂದರ್ಶನಕ್ಕೆ ಹೋಗಿದ್ದೆವು. ಕೆಲಸ ಸಿಕ್ಕಿದ್ದು ಅವಳಿಗೆ. ವಾಪಸು ಬರುವಾಗ ದಾರಿಯುದ್ದಕ್ಕೂ ನನ್ನನ್ನೇ ಸಮಾಧಾನ ಮಾಡಿದಳು. ಅದನ್ನು ನಾನು ಇನ್ನೂ ಕ್ಷಮಿಸಿಲ್ಲ.

ಅವಳ ಎಂಪಾಕೊ, ಅಂದರೆ ನಮ್ಮಲ್ಲಿ ಎಲ್ಲರಿಗೂ ಇಡುವ ಪ್ರೀತಿಯ ಹೆಸರೂ ಅಬ್ವೋಲಿಯೇ. ಇಡೀ ತೋರೋ ನಾಡಿಗೆ ಹಂಚಿಕೊಳ್ಳಲು ಇರುವುದು ಹತ್ತು ಹನ್ನೆರಡು ಎಂಪಾಕೊ, ನಿಜ. ಆದರೂ ಇವಳಿಗೆ ನನ್ನದೇ ಇಡಬೇಕಿತ್ತೇ?

ಏಪ್ರಿಲ್ 26, ಶುಕ್ರವಾರ

ಮಹಾರಾಣಿ ಬಂದಳು. ಕಂಪಾಲಾ ಬಸ್ಸಿನಿಂದ ಇಳಿಯುವಾಗಲೂ ಬಟ್ಟೆ ಒಂದು ಸುಕ್ಕಿಲ್ಲ. ಕಚೇರಿಯಲ್ಲಿ ಎಲ್ಲರೂ "ಅಬ್ವೋಲಿ! ಅಬ್ವೋಲಿ!" ಎಂದು ಕೂಗಿದರು. ಮೊದಲನೇ ಸಲ ನಾನು ತಿರುಗಿ ನೋಡಿದೆ. ಆಮೇಲೆ ತಿರುಗಲಿಲ್ಲ.

ಅವಳಿಗೆ ವಿಶ್ವವಿದ್ಯಾಲಯದ ಅತಿಥಿಗೃಹದಲ್ಲಿ ಕೋಣೆ ಇತ್ತು. ಆದರೆ ಅಮ್ಮನಿಗೆ ಯಾರು ಸುದ್ದಿ ಮುಟ್ಟಿಸಿದರೋ, ಬಾಗಿಲಲ್ಲೇ ಕಾಯುತ್ತಿದ್ದಳು. "ನಮ್ಮೂರು ಫೋರ್ಟ್ ಪೋರ್ಟಲ್‌ಗೆ ಬಂದು ಹೋಟೆಲ್ ಊಟ ಮಾಡ್ತಾಳಂತಾ? ಅವಳ ತಾಯಿ ಸತ್ತಮೇಲೆ ನಾನಿಲ್ವಾ? ಕರ್ಕೊಂಡ್ ಬಾ" ಎಂದು ನನ್ನನ್ನೇ ಅಟ್ಟಿದಳು. ನನ್ನ ಕೋಣೆಯಲ್ಲೇ ಎರಡನೇ ಮಂಚ ಹಾಕಿದ್ದಾಯಿತು.

"ಅಮೋತಿ, ನಿಮ್ಮ ಕೈರುಚಿ ಕನಸಲ್ಲಿ ಬರ್ತಿತ್ತು" ಎಂದಳು ಊಟಕ್ಕೆ ಕೂತು, ಅಮ್ಮನ ಎಂಪಾಕೊ ಹಿಡಿದು. ಅಮ್ಮ ಕರಗಿ ನೀರಾದಳು. ಮೀನಿನ ತಲೆಯನ್ನು ಅವಳ ತಟ್ಟೆಗೆ ಬಡಿಸಿದಳು.

ಏಪ್ರಿಲ್ 27, ಶನಿವಾರ

ಅಮ್ಮ ಅವಳ ಜಡೆ ಹೆಣೆದಳು, ನಾಲ್ಕು ಗಂಟೆ ಕೂತು. ನನಗೆ ಮೊನ್ನೆ "ಕಣ್ಣು ಕಾಣಲ್ಲ, ಸಲೂನಿಗೆ ಹೋಗು" ಎಂದಿದ್ದಳು.

ಏಪ್ರಿಲ್ 29, ಸೋಮವಾರ

ಅವಳಿಗೆ ಹಿಡಿದದ್ದು ಒಂದು ಗಂಟೆ ಹತ್ತು ನಿಮಿಷ. ಗಡಿಯಾರ ನೋಡಿಯೇ ಬರೆಯುತ್ತಿದ್ದೇನೆ.

ಕಾಫಿ ಲೋಟ ಕೆಳಗಿಟ್ಟಳು, ಸತ್ತ ಸರ್ವರನ್ನು ಪಟ್ಟಿಯಿಂದ ಕಿತ್ತಳು. ಸೌತೆಕಾಯಿ ತುದಿ ಕತ್ತರಿಸಿದಷ್ಟು ಸಲೀಸಾಗಿ. ಹದಿನಾಲ್ಕು ಸಾಲೂ ಮಾಯವಾದವು. ಆಮೇಲೆ ಉಗ್ರಾಣ ತೆರೆದು ಫೋಲ್ಡರ್ ಫೋಲ್ಡರಾಗಿ ಹೋಗಿ ಒಂದೊಂದನ್ನೇ ಎರಡನೇ ಸರ್ವರ್ ಹೆಸರಿಗೆ ದಾಖಲಿಸಿದಳು. ಒಂದು, ಎರಡು, ಮೂರು. ಬೂದು ಹೋಗಿ ಬಣ್ಣ ಬಂತು. ಡಾಕ್ಟರ್ ಹಿಂದೆ ನಿಂತು ಚಪ್ಪಾಳೆ ತಟ್ಟಿದರು, ಮಗು ಹೆಜ್ಜೆ ಇಟ್ಟಾಗ ತಟ್ಟುತ್ತಾರಲ್ಲ, ಹಾಗೆ.

"ಎಷ್ಟು ಸುಲಭ ಇತ್ತು ನೋಡಿ" ಎಂದರು ನನ್ನ ಕಡೆ ತಿರುಗಿ.

ಹದಿಮೂರು ಸಿಕ್ಕವು. ಹದಿನಾಲ್ಕನೆಯದು, ನರ್ಸಿಂಗ್ ಪರೀಕ್ಷೆಯದು, ಸಿಗಲಿಲ್ಲ. ಅದರ ಹೆಸರಿನ ಫೋಲ್ಡರೇ ಉಗ್ರಾಣದಲ್ಲಿಲ್ಲ. ಎಲ್ಲಿದೆಯೆಂದು ನನಗೆ ಗೊತ್ತು. ಮೂರು ವರ್ಷದ ಹಿಂದೆ ಪ್ರಯೋಗಕ್ಕೆಂದು ಒಂದು ಯಂತ್ರ ಮಾಡಿ, ಹೇಗೂ ಬಿಸಾಡುವುದೇ ಎಂದು 'ಕಸ-2' ಎಂದು ಹೆಸರಿಟ್ಟಿದ್ದೆ. ಅದು ಚೆನ್ನಾಗಿ ಬಂತು. ಅದನ್ನೇ ಬೆಳೆಸಿ, ತಿದ್ದಿ, ಪರೀಕ್ಷೆಯ ಟೆಂಪ್ಲೇಟು ಮಾಡಿದೆ. ಪಟ್ಟಿಯಲ್ಲಿ ಹೆಸರು ಬದಲಾಯಿಸಿದೆ. ಪಟ್ಟಿಯಲ್ಲಿ ಬದಲಾದರೆ ಉಗ್ರಾಣದಲ್ಲಿ ಬದಲಾಗುವುದಿಲ್ಲ. ಅಲ್ಲಿ ಅದು ಇನ್ನೂ ಕಸ-2.

ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಡಾಕ್ಟರ್, "ಕುನಿಹಿರಾ ಇದ್ದಾರಲ್ಲ, ಅದೂ ಸಿಗುತ್ತೆ ಬಿಡಿ" ಎಂದರು. ಸರಿ. ಇದ್ದಾರಲ್ಲ, ಹುಡುಕಲಿ.

ಏಪ್ರಿಲ್ 30, ಮಂಗಳವಾರ

ಇಡೀ ದಿನ ಹುಡುಕಿದಳು. ಮೊದಲನೇ ಸಲ ಅವಳ ಹಣೆಯ ಮೇಲೆ ಗೆರೆ ಕಂಡಿತು. ಅದನ್ನು ನೋಡುತ್ತ ಎರಡು ಚಪಾತಿ ಹೆಚ್ಚಾಗಿ ತಿಂದೆ.

ಇನ್ನೊಂದು ತೊಂದರೆಯೂ ಇದೆ. ಉಗ್ರಾಣ ತುಂಬಿಹೋಗಿದೆ, ನೂರೆಂಬತ್ತು ಯಂತ್ರ ತೆಗೆಯಲು ಜಾಗವಿಲ್ಲ. ಬೇಡದ ಫೋಲ್ಡರ್‌ಗಳನ್ನು ಅಳಿಸಬೇಕು. ಸಂಜೆ ಮೂವತ್ತೊಂದು ಹೆಸರಿನ ಪಟ್ಟಿ ಮುದ್ರಿಸಿ ನನ್ನ ಮೇಜಿನ ಮೇಲಿಟ್ಟಳು.

"ನೋಡ್ಬಿಡೆ ಅಬ್ವೋಲಿ. ಹನ್ನೊಂದು ವರ್ಷದಿಂದ ಇಲ್ಲಿರೋಳು ನೀನು. ಇದ್ರಲ್ಲಿ ಯಾವುದಾದ್ರೂ ಬೇಕಾಗಿರೋದು ಇದ್ರೆ ಗುರುತು ಹಾಕು. ಇಲ್ದಿದ್ರೆ ಸಹಿ ಹಾಕು." ಪೆನ್ನು ಹತ್ತೊಂಬತ್ತನೇ ಸಾಲಿನ ಮೇಲಿಟ್ಟಳು. "ಈ ಕಸ-2 ಸ್ವಲ್ಪ ದೊಡ್ಡದಿದೆ. ಏನಿದು?"

"ಹೆಸರೇ ಹೇಳುತ್ತಲ್ಲ" ಎಂದೆ.

ಅವಳು ನಕ್ಕಳು. ನಾನೂ ನಕ್ಕೆ.

ಸುಳ್ಳು ಹೇಳಿಲ್ಲ. ಹೆಸರು ಹೇಳುವುದನ್ನೇ ಹೇಳಿದೆ. ತಜ್ಞೆಯಾದವಳು ಒಳಗೆ ಇಣುಕಿ ನೋಡಬೇಕಿತ್ತು.

ಸಹಿ ಇನ್ನೂ ಹಾಕಿಲ್ಲ. ಪಟ್ಟಿ ನನ್ನ ಚೀಲದಲ್ಲಿದೆ.

ಮೇ 1, ಬುಧವಾರ

ಕಾರ್ಮಿಕರ ದಿನದ ರಜೆ. ಅಮ್ಮ ಫಿರಿಂಡಾ, ಸಿಪ್ಪೆ ತೆಗೆದ ಕಾಳಿನ ಸಾರು, ಮಾಡಿದಳು. ನೆನೆಸಿದ ಕಾಳಿನ ಸಿಪ್ಪೆಯನ್ನು ಒಂದೊಂದಾಗಿ ಹಿಸುಕಿ ತೆಗೆಯುವ ಕೆಲಸ ಚಿಕ್ಕಂದಿನಿಂದಲೂ ನನ್ನದು. ಇವತ್ತು ಎದ್ದು ಬರುವಷ್ಟರಲ್ಲಿ ಕುನಿಹಿರಾ ಮಣೆಯ ಮೇಲೆ ಕೂತು ಅರ್ಧ ಮುಗಿಸಿದ್ದಳು.

"ನೀನು ಮಲಗು, ಸುಸ್ತಾಗಿರ್ತೀಯ" ಎಂದಳು ಅಮ್ಮ ನನಗೆ, ನಾನೇ ನೆಂಟಳೇನೋ ಎಂಬಂತೆ.

ಅವಳು ಕಾಳು ಹಿಸುಕುತ್ತ ಹೇಳಿದಳು, "ಅಮೋತಿ, ಕಂಪಾಲಾದಲ್ಲಿ ಗೋಡೆ ಆಚೆ ಇರೋರ ಹೆಸರೂ ಗೊತ್ತಿಲ್ಲ ನಂಗೆ. ಭಾನುವಾರ ಪೂರ್ತಿ ಒಂದು ಮಾತಾಡದೇ ಕಳೀತೀನಿ, ಗೊತ್ತಾ?"

"ಹಂಗಾದ್ರೆ ವಾಪಸ್ ಬಂದ್ಬಿಡೇ" ಎಂದಳು ಅಮ್ಮ.

ಜುಲೈಯಲ್ಲಿ ನಮ್ಮ ವಿಭಾಗದ ಮುಖ್ಯಸ್ಥರ ಹುದ್ದೆ ಖಾಲಿಯಾಗುತ್ತದೆ. ಅದು ನನ್ನದೆಂದು ಎಲ್ಲರಿಗೂ ಗೊತ್ತು. ವಾಪಸ್ ಬಂದ್ಬಿಡಬೇಕಂತೆ!

ಪಟ್ಟಿ ತೆಗೆದು ಸಹಿ ಹಾಕಿದೆ.

ಮೇ 2, ಗುರುವಾರ

ಅಳಿಸಿದಳು. ನಾನು ಪಕ್ಕದಲ್ಲೇ ಇದ್ದೆ. ಹತ್ತೊಂಬತ್ತನೇ ಸಾಲು ಹೋಗಲು ಬೇರೆಯವುಗಳಿಗಿಂತ ಒಂದಿಷ್ಟು ಹೆಚ್ಚು ಹೊತ್ತು ಹಿಡಿಯಿತು. ಅದು ಬಿಟ್ಟರೆ ಏನೂ ಆಗಲಿಲ್ಲ.

ಮೇ 3, ಶುಕ್ರವಾರ

ಎಲ್ಲಿಂದ ಶುರು ಮಾಡಲಿ.

ಬೆಳಿಗ್ಗೆ ಅವಳು ವ್ಯವಸ್ಥೆಯ ಹಳೆಯ ದಾಖಲೆ ತೆರೆದು ಪರೀಕ್ಷೆಯ ಟೆಂಪ್ಲೇಟಿನ ಜಾಡು ಹಿಡಿದು ಹಿಂದೆ ಹಿಂದೆ ಹೋದಳು. ಮೂರು ವರ್ಷ ಹಿಂದೆ ಒಂದು ಸಾಲು ಸಿಕ್ಕಿತು: ಕಸ-2 ಎಂಬುದರ ಹೆಸರು ಬದಲಾಯಿಸಲಾಗಿದೆ, ಬದಲಾಯಿಸಿದವರು ಕಬೊನೆಸಾ. ನಾನು.

ಆ ಸಾಲಿನ ಮೇಲೆ ಬೆರಳಿಟ್ಟಳು. ನಂತರ ನನ್ನ ಕಡೆ ತಿರುಗಿದಳು.

"ಮರೆತಿದ್ಯಾ?"

"ಹೂಂ" ಎಂದೆ.

"ಮೂರು ವರ್ಷ ಆಯ್ತಲ್ಲ. ಯಾರಿಗೆ ನೆನಪಿರುತ್ತೆ" ಎಂದು ಎದ್ದಳು.

ಬ್ಯಾಕಪ್ ಇಲ್ಲ. ನಮ್ಮ ಬ್ಯಾಕಪ್ ಓಡುವ ಯಂತ್ರಗಳಿಗೆ ಮಾತ್ರ, ಟೆಂಪ್ಲೇಟುಗಳಿಗಿಲ್ಲ. ಅದೂ ನನ್ನದೇ ಏರ್ಪಾಡು.

ನೇರ ನಿರ್ದೇಶಕರ ಕೋಣೆಗೆ ಹೋದಳು. ಬಾಗಿಲು ಮುಚ್ಚಿದ್ದರೂ ಅವರ ಕೂಗು ಕಾರಿಡಾರಿಗೆಲ್ಲ ಕೇಳಿಸಿತು. "ನೂರೆಂಬತ್ತು ಜನ! ಫಲಿತಾಂಶ ತಡವಾದ್ರೆ ಜುಲೈಗೆ ಯಾವ ಆಸ್ಪತ್ರೇನೂ ತಗೊಳ್ಳಲ್ಲ, ಒಂದು ವರ್ಷ ಮನೇಲಿ ಕೂರ್ತಾರೆ! ಈ ಕ್ಯಾಂಪಸ್ಸಿಗೆ ಇನ್ನೊಂದ್ಸಲ ಕಾಲಿಡಬೇಡಿ ನೀವು!"

ಅವಳ ದನಿ ಮೆಲ್ಲಗಿತ್ತು. "ತಪ್ಪು ನಂದೇ ಡಾಕ್ಟರ್. ನಾನೇ ಅವಸರ ಮಾಡಿದೆ. ಅಬ್ವೋಲಿ ಸಹಿ ಇದೆ ನಿಜ, ಓದೋಕೂ ಬಿಡದೆ ಹಾಕಿಸ್ಕೊಂಡೆ."

ಹೊರಗೆ ಗೋಡೆಗೆ ಒರಗಿ ನಿಂತು ಇದನ್ನು ಕೇಳಿದೆ. ನೆಮ್ಮದಿಯಾಗಬೇಕಿತ್ತು. ಆಗಿದ್ದು ಹೊಟ್ಟೆಯುರಿ. ಸುಳ್ಳಲ್ಲ. ಕೆಲಸದಲ್ಲಿ ನನಗಿಂತ ಮುಂದೆ, ಅಮ್ಮನ ಹತ್ತಿರ ನನಗಿಂತ ಮುಂದೆ, ಈಗ ದೊಡ್ಡತನದಲ್ಲೂ ಅವಳೇ ಮುಂದೆ! ನನ್ನ ತಪ್ಪನ್ನೂ ಎತ್ತಿಕೊಂಡು ಹೊರಟಿದ್ದಾಳೆ, ಅದೂ ಅವಳದೇ ಎಂಬಂತೆ. ಇದೊಂದನ್ನು ಕೊಡಲಾರೆ ಎನ್ನಿಸಿತು.

ಬಾಗಿಲು ತಟ್ಟದೆ ಒಳಗೆ ಹೋದೆ.

"ಇವಳು ಹೇಳ್ತಿರೋದು ಸುಳ್ಳು ಡಾಕ್ಟರ್."

ಇಬ್ಬರೂ ತಿರುಗಿದರು.

"ಕಸ-2 ಏನು ಅಂತ ಇವಳು ನನ್ನ ಕೇಳಿದ್ಲು. ನಂಗೆ ಗೊತ್ತಿತ್ತು. ಹೇಳ್ಲಿಲ್ಲ. ಸಹಿ ಹಾಕುವಾಗಲೂ ಗೊತ್ತಿತ್ತು."

ಡಾಕ್ಟರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಯಾಕೆ?"

"ಇವಳು ಎಡವಲಿ ಅಂತ."

ಆಮೇಲೆ ಅವರು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿರುತ್ತಿತ್ತು. "ಹೊರಗೆ ಹೋಗಿ, ಇಬ್ರೂ" ಎಂದರು ಕಿಟಕಿಯ ಕಡೆ ಮುಖ ಮಾಡಿ.

ಮೆಟ್ಟಿಲ ಬಳಿ ಅವಳು ನನ್ನ ತೋಳು ಹಿಡಿದು ನಿಲ್ಲಿಸಿದಳು. "ಬುದ್ಧಿ ಇದ್ಯಾ ನಿಂಗೆ? ನಾನು ಹೊರಗಿನವಳು, ಬಸ್ ಹತ್ತಿ ಹೋಗ್ತಿದ್ದೆ. ನೀನಿಲ್ಲೇ ಇರ್ಬೇಕಾದವಳು."

"ಅದಕ್ಕೇ ಹೇಳಿದ್ದು."

"ಏನು ಅದಕ್ಕೇ?"

"ನೀನು ಮಹಾತಾಯಿ ಥರ ಬಸ್ ಹತ್ತಿ ಹೋಗೋದು, ನಾನು ಸಾಯೋತನಕ ಅದನ್ನ ನೆನೆಸ್ಕೊಂಡು ಕೂರೋದು. ನನ್ನ ಕೈಲಾಗಲ್ಲ."

"ಕತ್ತೆ" ಎಂದಳು. ಕಣ್ಣು ಕೆಂಪಾಗಿತ್ತು. "ನೀನು ಮರೆತಿಲ್ಲ ಅಂತ ನಂಗೆ ಗೊತ್ತಿತ್ತು ಕಣೇ. ಏಳು ವರ್ಷದ ಹಿಂದಿನ ಪಾಸ್‌ವರ್ಡ್ ಇವತ್ತೂ ಬಾಯಲ್ಲಿ ಹೇಳ್ತೀಯ. ನೀನು ಮರೀತೀಯಾ? ನಂಗೇನಾದ್ರೂ ಆಗ್ಲಿ ಅಂತ ನೀನಂದ್ಕೊಂಡೆ, ಸರಿ. ಆ ಹುಡುಗೀರು ಏನ್ ಮಾಡಿದ್ರು ನಿಂಗೆ?"

ಹನ್ನೆರಡು ದಿನದಲ್ಲಿ ಒಂದು ಸಲವೂ ಅವರ ಮುಖ ನೆನಪಾಗಿರಲಿಲ್ಲ.

ಮೇ 4, ಶನಿವಾರ

ಹೊಸದಾಗಿ ಕಟ್ಟುತ್ತಿದ್ದೇವೆ, ಬುಡದಿಂದ. ಬೇರೆ ಯಾರೂ ಇಲ್ಲದ್ದರಿಂದ ಡಾಕ್ಟರ್ ನಮ್ಮಿಬ್ಬರಿಗೇ ಒಪ್ಪಿಸಿದ್ದಾರೆ. ಪರೀಕ್ಷೆಯನ್ನು ಬುಧವಾರಕ್ಕೆ ಮುಂದೂಡಿದ್ದಾರೆ. ಅದಕ್ಕಿಂತ ಮುಂದೆ ಹೋದರೆ ಫಲಿತಾಂಶ ಜುಲೈಗೆ ಮುಟ್ಟುವುದಿಲ್ಲ.

ಅವಳು ಕೆಲಸದ ಮಾತು ಬಿಟ್ಟು ಬೇರೆ ಆಡುವುದಿಲ್ಲ. ಮನೆಯಲ್ಲಿ ಅದೂ ಇಲ್ಲ. ಅಮ್ಮನಿಗೆ ನಾನೇ ಎಲ್ಲ ಹೇಳಿದೆ. ಅಮ್ಮ ಪಾತ್ರೆ ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು. ಊಟದ ಹೊತ್ತಿಗೆ, "ಇಬ್ರೂ ಮುಖ ಊದಿಸ್ಕೊಂಡು ಕೂತ್ರೆ ಈ ಮುದ್ದೆ ಯಾರು ತಿನ್ನೋದು? ಹಂದಿಗೆ ಹಾಕ್ಲಾ?" ಎಂದಳು. ಇಬ್ಬರೂ ತಿಂದೆವು.

ಮೇ 5, ಭಾನುವಾರ

ಪರೀಕ್ಷೆಯ ಯಂತ್ರವೆಂದರೆ ಬರೀ ಕಂಪ್ಯೂಟರ್ ಅಲ್ಲ. ಪರದೆಯ ಮೇಲೆ ಪರೀಕ್ಷೆ ಬಿಟ್ಟು ಬೇರೆ ಕಿಟಕಿ ತೆರೆಯಬಾರದು. ಕರೆಂಟು ಹೋಗಿ ಬಂದರೆ ಬರೆದ ಉತ್ತರ ಅಲ್ಲೇ ಇರಬೇಕು. ಗಡಿಯಾರವನ್ನು ಯಾರೂ ಮುಟ್ಟುವಂತಿರಬಾರದು. ಇಂಥವು ನಲವತ್ಮೂರಿವೆ. ನಾನು ಒಂದೊಂದಾಗಿ ಹೇಳುತ್ತ ಹೋದೆ, ಅವಳು ಮಾಡುತ್ತ ಹೋದಳು, ಪ್ರತಿಯೊಂದನ್ನೂ ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡಳು.

"ಇದೆಲ್ಲ ಎಲ್ಲಿ ಬರೆದಿಟ್ಟಿದ್ದೀಯ?"

"ತಲೇಲಿ."

"ನಿಂಗೆ ಮಲೇರಿಯಾ ಬಂದ್ರೆ ಇವರ ಗತಿಯೇನು?"

"ಅದಕ್ಕೇ ತಲೇಲಿ ಇಟ್ಕೊಂಡಿದ್ದು" ಎಂದುಬಿಟ್ಟೆ.

ಅವಳು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ನಾನೂ ನನ್ನ ಮಾತನ್ನು ಆಗಲೇ ಕೇಳಿಸಿಕೊಂಡದ್ದು. ಆಮೇಲೆ ಅವಳಿಗೆ ನಗು ಬಂತು, ಸಿಟ್ಟಿನ ನಗುವೇ. "ಮುಂದಿನದು ಹೇಳು" ಎಂದಳು.

ಗಡಿಯಾರದ ಬೀಗಕ್ಕೆ ಅವಳು ಮಾಡಿದ ಉಪಾಯ ನನ್ನದಕ್ಕಿಂತ ಚೆನ್ನಾಗಿದೆ. ಅವಳಿಗೆ ಹೇಳಿಲ್ಲ.

ಮೇ 7, ಮಂಗಳವಾರ

ಟೆಂಪ್ಲೇಟು ಸಿದ್ಧ. ಹತ್ತು ಯಂತ್ರ ತೆಗೆದು ನೋಡಿದೆವು. ನಾಲ್ಕನೆಯದರಲ್ಲಿ ಉತ್ತರ ಉಳಿಯಲಿಲ್ಲ. ಅವಳು ನೆಟ್‌ವರ್ಕ್ ಎಂದಳು, ನಾನು ಅಲ್ಲ ಎಂದೆ. ಜೋರಾಗಿಯೇ ಜಗಳವಾಡಿದೆವು. ಲೆಕ್ಕಪತ್ರದವರು ಬಾಗಿಲಿಗೆ ಬಂದು ನೋಡಿ ಹೋದರು. ಕೊನೆಗೆ ಅರ್ಧ ಅವಳು ಹೇಳಿದ್ದು, ಅರ್ಧ ನಾನು ಹೇಳಿದ್ದು. ಉಪಾಯ ಚೆನ್ನಾಗಿದೆ ಎಂದೂ ಹೇಳಿದೆ, ಗಡಿಯಾರದ್ದು. ಜಗಳದ ಭರದಲ್ಲಿ ಬಾಯಿಂದ ಜಾರಿತು.

ಮೇ 8, ಬುಧವಾರ

ನೂರೆಂಬತ್ತೂ ಎದ್ದವು. ಹತ್ತೂವರೆಗೆ ಕರೆಂಟು ಹೋಯಿತು, ಜನರೇಟರ್ ಹೊತ್ತಿಕೊಳ್ಳುವಷ್ಟರಲ್ಲಿ ಪರದೆಗಳೆಲ್ಲ ಕಪ್ಪಾದವು. ಇಬ್ಬರೂ ಪ್ರಯೋಗಾಲಯದ ಕಿಟಕಿಗೆ ಮೂಗು ಒತ್ತಿ ನಿಂತಿದ್ದೆವು. ಮತ್ತೆ ಬೆಳಕು ಬಂದಾಗ ಮೊದಲ ಸಾಲಿನ ಹುಡುಗಿಯೊಬ್ಬಳು ಪರದೆ ನೋಡಿದಳು, ಉಸಿರು ಬಿಟ್ಟಳು, ಮುಂದೆ ಬರೆಯತೊಡಗಿದಳು. ಉತ್ತರ ಅಲ್ಲೇ ಇತ್ತು. ಅವಳ ಅಂಗಿಯ ಕಾಲರು ಹರಿದು ಬೇರೆ ಬಣ್ಣದ ದಾರದಲ್ಲಿ ಹೊಲಿದಿತ್ತು. ಅದೇಕೋ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಮೇ 15, ಬುಧವಾರ

ಪತ್ರ ಬಂತು. ಲಿಖಿತ ಎಚ್ಚರಿಕೆ, ಎರಡು ವರ್ಷ ಬಡ್ತಿಯಿಲ್ಲ. ಕೆಲಸದಿಂದಲೇ ತೆಗೆಯುತ್ತಾರೆ ಎಂದುಕೊಂಡಿದ್ದೆ. ಡಾಕ್ಟರ್ ತಲೆಯೆತ್ತದೆ ಹೇಳಿದರು, "ತೆಗೀಬೇಡಿ ಅಂತ ಒಬ್ಬರು ಗಂಟೆಗಟ್ಟಲೆ ನನ್ನ ತಲೆ ತಿಂದರು." ಯಾರೆಂದು ಕೇಳಲಿಲ್ಲ.

ಮುಖ್ಯಸ್ಥೆಯ ಹುದ್ದೆ ಅವಳಿಗೆ. ಒಪ್ಪಿಕೊಂಡಿದ್ದಾಳೆ. ಮಾರುಕಟ್ಟೆಯ ಹಿಂದೆ ಮನೆಯನ್ನೂ ನೋಡಿದ್ದಾಳೆ.

ಉರಿಯುತ್ತಿದೆ. ಉರಿಯುತ್ತಿಲ್ಲ ಎಂದು ಬರೆದರೆ ಯಾರಿಗೆ ಸುಳ್ಳು ಹೇಳಿದಂತೆ? ಇದನ್ನು ಓದುವವಳು ನಾನೊಬ್ಬಳೇ.

ಮಧ್ಯಾಹ್ನ ಕೂತು ಉಗ್ರಾಣದ ಎಲ್ಲ ಫೋಲ್ಡರ್‌ಗಳ ಪಟ್ಟಿ ಬರೆಯಲು ಶುರು ಮಾಡಿದೆ. ಯಾವ ಹೆಸರಿನ ಹಿಂದೆ ಏನಿದೆ, ಯಾಕೆ ಇದೆ. ಎಂಟು ಪುಟವಾಯಿತು. ಯಾರೂ ಕೇಳಿರಲಿಲ್ಲ. ಬೇರೆ ಕೆಲಸವಿರಲಿಲ್ಲ, ಅದಕ್ಕೆ.

ಮೇ 28, ಮಂಗಳವಾರ

ಅಬ್ವೋಲಿ ಸಾಮಾನು ತರಲು ಕಂಪಾಲಾಕ್ಕೆ ಹೋಗಿ ಐದು ದಿನವಾಯಿತು. ಬರುವುದು ಗುರುವಾರ. ಕೋಣೆಯಲ್ಲಿ ನಾನೊಬ್ಬಳೇ. ಎಲ್ಲ ಕೆಲಸ ಬೇಗ ಮುಗಿಯುತ್ತದೆ. ಯಾರೂ ಅಡ್ಡ ಮಾತಾಡುವುದಿಲ್ಲ, ನಾನು ಮಾಡಿದ್ದೇ ಸರಿ. ಸಪ್ಪೆ ದಿನಗಳು.

ಅಮ್ಮನದು ಒಂದೇ ರಾಗ. "ಅವಳು ಬಂದ್ಮೇಲೆ ಕೋಳಿ ಕೊಯ್ಯೋಣ." ನಾನು ಇಲ್ಲೇ ಇದ್ದೇನಲ್ಲ, ನನಗಾಗಿ ಒಂದು ಕೋಳಿ ಕೊಯ್ದರೆ ಏನಾಗುತ್ತದೆ? ಕೇಳಿದೆ. "ನೀನು ಯಾವಾಗಲೂ ಇರ್ತೀಯಲ್ಲ" ಎಂದಳು.

ಮೂರು ಗಂಟೆಗೆ ಅವಳಿಗೆ ಫೋನ್ ಮಾಡಿ, ಹೊಸ ಸರ್ವರ್ ಬಂದಾಗ ಟೆಂಪ್ಲೇಟುಗಳನ್ನು ಅದಕ್ಕೆ ಸಾಗಿಸುವುದು ಹೇಗೆಂದು ಕೇಳಿದೆ. ಉತ್ತರ ನನಗೆ ಗೊತ್ತಿತ್ತು. ಲಾರಿಗೆ ಮಂಚ ಹೇರಿಸುತ್ತ, ನಡುನಡುವೆ ಕೂಲಿಯವರನ್ನು ಬೈಯುತ್ತ, ಕಾಲು ಗಂಟೆ ವಿವರಿಸಿದಳು. ಒಂದು ಕಡೆ ತಪ್ಪು ಹೇಳಿದಳು.

"ಅದು ಹಂಗಲ್ಲ" ಎಂದೆ, ಸರಿಯಾದುದನ್ನು ಹೇಳಿದೆ.

"ಗೊತ್ತಿದ್ಮೇಲೆ ಫೋನ್ ಯಾಕೆ ಮಾಡ್ದೆ?" ಎಂದಳು.

"ಗುರುವಾರ ಎಷ್ಟೊತ್ತಿಗೆ ಬಸ್ಸು?" ಎಂದು ಕೇಳಿದೆ.